ಮೂರನೇ ಇಯತ್ತೆಯ ಮಣ್ಣೆತ್ತುಗಳು

ಪುಣೆಯ ಮುನ್ಸಿಪಾಲಿಟಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ನಾಲ್ಕು ವರ್ಷ ಗಿಳಿ ಕಲಿಸಿದೆ. ಚಿತ್ರಕಲೆ ಕಲಿಸಿದೆ ಎನ್ನಲು ನಾಲಿಗೆ ಹೊರಳುವುದಿಲ್ಲ. ಗೋಡೆಗೆ ಬಣ್ಣದ ಚಿತ್ರಪಟದ ತಕ್ತೆಯೊಂದನ್ನು ತೂಗುಹಾಕಿದ್ದರು. ಅದರಲ್ಲಿ ಒಂದು ಮಾವಿನಕಾಯಿ, ಒಂದು ಗಿಳಿ, ಒಂದು ಹೂಜಿ. ಮಾವಿನಕಾಯಿ ಎರಡನೇ ಇಯತ್ತೆಗೆ, ಅಂದರೆ ತರಗತಿಗೆ, ಗಿಳಿ ಮೂರನೆಯದಕ್ಕೆ, ಹೂಜಿ ನಾಲ್ಕನೆಯದಕ್ಕೆ. ಹುಡುಗಿಯರು ತಕ್ತೆ ನೋಡಿ ಕಲ್ಲಿನ ಪಾಟಿಯ ಮೇಲೆ ಬಳಪದಿಂದ ಬರೆಯಬೇಕು. ನಾನು ಸಾಲುಗಳ ನಡುವೆ ಓಡಾಡುತ್ತ ಕೊಕ್ಕು ಸೊಟ್ಟಗಾಯಿತು, ಬಾಲ ಉದ್ದವಾಯಿತು ಎನ್ನಬೇಕು. ಅವರು ಎಂಜಲು ಹಚ್ಚಿ ಅಳಿಸಬೇಕು. ಗಂಟೆ ಹೊಡೆದರೆ ಆ ವಾರದ ಕಲೆ ಮುಗಿಯಿತು.

ಇದು ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ನಮ್ಮದು ಬಾಗಲಕೋಟೆ ಕಡೆಯ ಮನೆ. ಅಪ್ಪ ರೈಲ್ವೆ ಕಚೇರಿಯ ಕಾರಕೂನರಾಗಿ ಪುಣೆಗೆ ಬಂದವರು. ನನಗೆ ಹದಿನಾಲ್ಕಕ್ಕೆ ಮದುವೆಯಾಗಿ ಹದಿನಾರಕ್ಕೆ ಗಂಡ ತೀರಿಕೊಂಡ. ತವರಿಗೆ ಮರಳಿದವಳನ್ನು ಅಪ್ಪ ಅಡುಗೆಮನೆಯ ಮೂಲೆಗೆ ಬಿಡದೆ ಟ್ರೇನಿಂಗ್ ಕಾಲೇಜಿಗೆ ಸೇರಿಸಿದರು. ನೆಂಟರು ಬೇಕಾದಷ್ಟು ಆಡಿಕೊಂಡರು, ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಇಪ್ಪತ್ತಕ್ಕೆ ನಾನು ಮೂರನೇ ಇಯತ್ತೆಯ ‘ಬಾಯಿ’ಯಾದೆ; ಪುಣೆಯ ಶಾಲೆಗಳಲ್ಲಿ ಶಿಕ್ಷಕಿಯನ್ನು ಹಾಗೆಯೇ ಕರೆಯುತ್ತಾರೆ. ಹೊರಗೆ ದಿನವಿಡೀ ಮರಾಠಿ, ಹೊಸ್ತಿಲು ದಾಟಿ ಒಳಗೆ ಬಂದರೆ ಅವ್ವನ ಕನ್ನಡ. ಶಾಲೆಯಲ್ಲಿ ಆಡಿದ ಮಾತುಗಳನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಶಾಲೆಗಳ ತಪಾಸಣೆಗೆ ಬರುವ ಡೆಪ್ಯುಟಿ ಇನ್ಸ್‌ಪೆಕ್ಟರರನ್ನು ಊರೆಲ್ಲ ದಿಪೋಟಿ ಎನ್ನುತ್ತಿತ್ತು. ಆ ಚಳಿಗಾಲದಲ್ಲಿ ಬಂದ ದಿಪೋಟಿ ಸಾಹೇಬರು ಹೊಸಬರು. ತೆಳ್ಳಗಿನ ಮನುಷ್ಯ, ಕೆಂಪು ಪಗಡಿ, ಕಂಕುಳಲ್ಲಿ ಕೊಡೆ. ನನ್ನ ಇಯತ್ತೆಗೆ ಬಂದು ಪಾಟಿಗಳ ಮೇಲಿನ ಗಿಳಿಗಳನ್ನೆಲ್ಲ ಸಾಲಾಗಿ ನೋಡಿದರು. ಮುಂದಿನ ಸಾಲಿನ ಒಬ್ಬಳನ್ನು ಎಬ್ಬಿಸಿ, “ಗಿಳಿಯ ಕಾಲಿಗೆ ಬೆರಳು ಎಷ್ಟು?” ಎಂದು ಕೇಳಿದರು. ಅವಳು ತಿರುಗಿ ತಕ್ತೆಯನ್ನು ನೋಡಿದಳು. ತಕ್ತೆಯ ಗಿಳಿಯ ಕಾಲು ಎಲೆಯ ಹಿಂದೆ ಮರೆಯಾಗಿತ್ತು. “ಗಿಳಿಗೆ ಕಾಲಿಲ್ಲ, ಸಾಹೇಬ,” ಎಂದಳು. ದಿಪೋಟಿ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ತಪಾಸಣೆಯ ಅಭಿಪ್ರಾಯ ಬರೆಯುವ ಶೇರಾ ಪುಸ್ತಕದಲ್ಲಿ ಅವರು ಬರೆದದ್ದು ಎರಡೇ ಸಾಲು. ಚಿತ್ರಕಲೆಯ ತಾಸು ವ್ಯರ್ಥವಾಗುತ್ತಿದೆ. ಮಳೆಗಾಲದ ಹೊತ್ತಿಗೆ ಮತ್ತೆ ಬಂದು ನೋಡುತ್ತೇನೆ, ಸುಧಾರಣೆ ಕಾಣದಿದ್ದರೆ ಈ ತಾಸನ್ನು ಗಣಿತಕ್ಕೆ ಕೊಡತಕ್ಕದ್ದು.

ನನಗೆ ಮೈಯೆಲ್ಲ ಉರಿಯಿತು. ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಪಗಡಿಯನ್ನು ಮನಸ್ಸಿನಲ್ಲೇ ನದಿಗೆ ಎಸೆಯುತ್ತ ಹೋದೆ. ಆದರೆ ಮರುದಿನ, ಪರೀಕ್ಷೆ ಮಾಡೋಣವೆಂದು, ಹೆಂಚಿನ ಮೇಲೆ ಕೂತಿದ್ದ ಕಾಗೆಯನ್ನು ತೋರಿಸಿ, ಅದನ್ನು ಬರೆಯಿರಿ ಎಂದೆ. ನಲವತ್ತೆರಡು ಹುಡುಗಿಯರು ಬರೆದರು. ನಲವತ್ತೆರಡು ಪಾಟಿಗಳ ಮೇಲೂ ಗಿಳಿಯೇ ಕೂತಿತ್ತು. ಕೊಕ್ಕು ಬಾಗಿತ್ತು, ಪಕ್ಕದಲ್ಲಿ ಎಲೆ ಕೂಡ ಇತ್ತು. ದಿಪೋಟಿ ಬರೆದದ್ದು ಸುಳ್ಳಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು.

ಹಾಗೆಂದು ತಾಸನ್ನು ಬಿಟ್ಟುಕೊಡಲು ನಾನು ಸಿದ್ಧಳಿರಲಿಲ್ಲ. ಆ ಹುಡುಗಿಯರಲ್ಲಿ ಮುಕ್ಕಾಲು ಪಾಲು ನಾಲ್ಕನೇ ಇಯತ್ತೆ ಮುಗಿಯುವುದರೊಳಗೆ ಶಾಲೆ ಬಿಡುವವರು. ಆಮೇಲೆ ಒಲೆ, ಮದುವೆ, ಮಕ್ಕಳು. ಗಣಿತ ಅವರಿಗೆ ಅಂಗಡಿಯಲ್ಲಾದರೂ ಬಂದೀತು. ಒಂದು ವಸ್ತುವನ್ನು ತಮ್ಮ ಕಣ್ಣಿನಿಂದ ಸಾವಕಾಶ ನೋಡಿ, ತಮ್ಮ ಕೈಯಿಂದ ಮಾಡುವ ಹೊತ್ತು ಇನ್ನೊಂದು ಸಿಗುವುದಿಲ್ಲ. ಗಂಡನ ಮನೆಯಲ್ಲಿದ್ದ ಎರಡು ವರ್ಷ ನಾನು ಬೀಸುವ ಕಲ್ಲಿನ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಗೀಚುತ್ತಿದ್ದೆ. ಅತ್ತೆ ಸಗಣಿ ಸಾರಿಸಿ ಅಳಿಸುತ್ತಿದ್ದರು. ಮರುದಿನ ಮತ್ತೆ ಗೀಚುತ್ತಿದ್ದೆ. ಆ ಮನೆಯಲ್ಲಿ ನನ್ನದೆಂದು ಇದ್ದದ್ದು ಅದೊಂದೇ. ಹಾಗಾಗಿ ವಾರಕ್ಕೊಂದು ತಾಸು ಎಂದರೆ ಎಷ್ಟು ದೊಡ್ಡದು ಎಂದು ನನಗೆ ಗೊತ್ತಿತ್ತು.

ತಕ್ತೆ ಕೆಳಗಿಳಿಸಿ ಕಪಾಟಿನ ಹಿಂದೆ ಮುಖ ಗೋಡೆಗೆ ಮಾಡಿ ನಿಲ್ಲಿಸಿದೆ. ನಮ್ಮ ಮುಖ್ಯ ಶಿಕ್ಷಕಿ ಹಿರಿಯರು, ಮಂಡಿನೋವಿನವರು, ಯಾವುದಕ್ಕೂ ಬೇಗ ದನಿ ಏರಿಸದವರು. “ತಕ್ತೆ ಎಲ್ಲಿ?” ಎಂದು ಕೇಳಿದರು.

“ಗಿಳಿ ಹಾರಿಹೋಯಿತು ಅಂತ ತಿಳಿದುಕೊಳ್ಳಿ.”

“ಇನ್ನು ಏನು ಕಲಿಸುತ್ತೀರಿ?”

“ಎತ್ತು.”

ನಮ್ಮ ಶಾಲೆ ನದಿಗೆ ಹತ್ತಿರದ ಒಂದು ಹಳೆಯ ಅಂಗಳದ ಮನೆಯಲ್ಲಿ, ವಾಡೆಯಲ್ಲಿ, ಇತ್ತು. ಬಾಗಿಲಿನ ಎದುರಿಗೇ ಕಲ್ಲಿನ ನೀರಿನ ತೊಟ್ಟಿ. ತರಕಾರಿ ಮಾರುಕಟ್ಟೆಯಾದ ಮಂಡಯಿಗೆ ಕಾಯಿಪಲ್ಯೆ ಇಳಿಸಿ ಮರಳುವ ಗಾಡಿಗಳು ಅಲ್ಲಿ ನಿಂತು ಎತ್ತುಗಳಿಗೆ ನೀರು ಕುಡಿಸುತ್ತಿದ್ದವು. ಅಂದರೆ ನನ್ನ ತಕ್ತೆ ಬಾಗಿಲಲ್ಲೇ ನಿಂತು ಬಾಲ ಬೀಸುತ್ತಿತ್ತು, ನಾಲ್ಕು ವರ್ಷದಲ್ಲಿ ನಾನೇ ಒಮ್ಮೆಯೂ ಅದನ್ನು ನೋಡಿರಲಿಲ್ಲ. ಚಿತ್ರ ಬರೆಯುವ ಕಾಗದ ದೊಡ್ಡ ಇಯತ್ತೆಗಳಿಗೆ ಮಾತ್ರ ಸಿಗುತ್ತಿತ್ತು. ಪಾಟಿಯ ಮೇಲೆ ಬರೆದದ್ದು ಮುಂದಿನ ತಾಸಿನ ಲೆಕ್ಕಕ್ಕೆ ಅಳಿದುಹೋಗುತ್ತಿತ್ತು. ಮಣ್ಣಿನಲ್ಲಿ ಮಾಡಿದ್ದು ಉಳಿಯುತ್ತದೆ. ಕುಂಬಾರ ಓಣಿಯೂ ಶಾಲೆಗೆ ನಾಲ್ಕು ಹೆಜ್ಜೆ. ಹಾಗಾಗಿ ಮಣ್ಣು ಎಂದು ತೀರ್ಮಾನಿಸಿದೆ.

ಮೊದಲ ತಿಂಗಳು ಯಾರಿಗೂ ಮಣ್ಣು ಮುಟ್ಟಲು ಬಿಡಲಿಲ್ಲ. ಬರೀ ನೋಡುವುದು. ಹತ್ತು ಹತ್ತು ಹುಡುಗಿಯರನ್ನು ಬಾಗಿಲಿಗೆ ಕಳಿಸುತ್ತಿದ್ದೆ. ಒಂದು ಸಲಕ್ಕೆ ಒಂದೇ ಪ್ರಶ್ನೆ. ಕೊಂಬು ಕಿವಿಯ ಮುಂದೋ ಹಿಂದೋ? ಹಿಣಿಲು, ಅಂದರೆ ಮೇಲಿನ ಡುಬ್ಬ, ಇರುವುದು ಮುಂಗಾಲಿನ ನೇರಕ್ಕೋ ಬೆನ್ನಿನ ನಡುವೆಯೋ? ನೀರು ಕುಡಿಯುವಾಗ ಯಾವ ಕಾಲು ಮುಂದಿಡುತ್ತದೆ? ಅವರು ಒಳಗೆ ಬಂದು ಹೇಳುತ್ತಿದ್ದರು, ಜಗಳವಾಡುತ್ತಿದ್ದರು, ಮತ್ತೆ ಓಡಿಹೋಗಿ ನೋಡಿ ಬರುತ್ತಿದ್ದರು. ಗಾಡಿಯವರು ಮೊದಲು ನಕ್ಕರು, ಆಮೇಲೆ ತಾವಾಗಿಯೇ ಎತ್ತನ್ನು ಈ ಕಡೆ ತಿರುಗಿಸಿ ನಿಲ್ಲಿಸತೊಡಗಿದರು.

ಮಣ್ಣಿಗೆ ಕೈಹಾಕಿದ ವಾರವೇ ಕಪ್ಪು ಕೋಟಿನ ತಂದೆಯೊಬ್ಬರು ಬಂದರು. ಕಚೇರಿಗೆ ಹೊರಟವರು ದಾರಿಯಲ್ಲಿ ಶಾಲೆ ಹೊಕ್ಕಿದ್ದರು. “ನನ್ನ ಮಗಳನ್ನು ಕುಂಬಾರಳನ್ನಾಗಿ ಮಾಡುತ್ತೀರಾ?” ಎಂದರು.

“ಅದಕ್ಕೆ ಬಹಳ ವರ್ಷ ಬೇಕು. ಕುಂಬಾರಿಕೆ ಅಷ್ಟು ಸುಲಭವಲ್ಲ,” ಎಂದೆ.

ಈ ನಾಲಿಗೆ ನನಗೆ ಯಾವತ್ತೂ ಒಳ್ಳೆಯದು ಮಾಡಿಲ್ಲ. ಅವರು ನೇರವಾಗಿ ಮುಖ್ಯ ಶಿಕ್ಷಕಿಯ ಕೋಣೆಗೆ ಹೋದರು. ಬಾಗಿಲ ಹೊರಗೆ ನಿಂತಿದ್ದ ನನಗೆ ಮುಖ್ಯ ಶಿಕ್ಷಕಿಯ ಉತ್ತರ ಕೇಳಿಸಿತು. “ದಿಪೋಟಿ ಬರುವ ತನಕ ತಡೆದುಕೊಳ್ಳಿ, ಆಮೇಲೆ ತಾನಾಗಿಯೇ ನಿಲ್ಲುತ್ತದೆ.” ನನ್ನ ಪರವಾಗಿ ಹೇಳಿದ ಆ ಮಾತು ಆ ತಂದೆಯ ಮಾತಿಗಿಂತ ಹೆಚ್ಚು ಚುಚ್ಚಿತು. ನಿಲ್ಲಲು ಬಿಡುವುದಿಲ್ಲ ಎಂದು ಅಂದೇ ಹಟ ಹಿಡಿದೆ.

ಇನ್ನೊಂದು ವಿರೋಧ ಬಂದದ್ದು ನಾನು ಎಣಿಸದ ಕಡೆಯಿಂದ. ಇಯತ್ತೆಯಲ್ಲಿ ಕುಂಬಾರ ಓಣಿಯ ಹುಡುಗಿ ಒಬ್ಬಳಿದ್ದಳು. ಇವಳೇ ಎಲ್ಲರಿಗೂ ದಾರಿ ತೋರಿಸುವವಳು ಎಂದು ನಾನು ಲೆಕ್ಕ ಹಾಕಿದ್ದೆ. ಅವಳು ಮಣ್ಣಿನ ಉಂಡೆಯನ್ನು ಪಕ್ಕಕ್ಕೆ ತಳ್ಳಿ, “ಬಾಯಿ, ನಾನು ಇದನ್ನು ಮುಟ್ಟುವುದಿಲ್ಲ,” ಎಂದಳು.

“ಯಾಕೆ?”

“ಬೆಳಿಗ್ಗೆ ಎದ್ದು ಇದನ್ನೇ ತುಳಿದು ಬಂದಿದ್ದೇನೆ. ಶಾಲೆ ಬಿಟ್ಟ ಮೇಲೆ ಮತ್ತೆ ಇದೇ. ಇಲ್ಲಿ ಲೆಕ್ಕ ಮಾಡುತ್ತೇನೆ.”

ನನಗೆ ಸಿಟ್ಟು ಬಂತು. ಅಂದು ಅವಳನ್ನು ತಾಸು ಮುಗಿಯುವ ತನಕ ಅಂಗಳದಲ್ಲಿ ನಿಲ್ಲಿಸಿದೆ. ಅವಳು ನಿಂತಳು, ಅಳಲಿಲ್ಲ. ಅದು ನನ್ನ ತಪ್ಪು, ಇವತ್ತಿಗೂ ನೆನಪಾದರೆ ನಾಚಿಕೆಯಾಗುತ್ತದೆ. ಮರುವಾರ ಅವಳನ್ನು ಕಿಟಕಿಯ ಪಕ್ಕ ಪಾಟಿ ಕೊಟ್ಟು ಕೂರಿಸಿದೆ. ಉಳಿದ ನಲವತ್ತೊಂದು ಮಂದಿ ಮಣ್ಣಿನಲ್ಲಿ, ಅವಳೊಬ್ಬಳು ಭಾಗಾಕಾರದಲ್ಲಿ.

ಉಳಿದವರ ಎತ್ತುಗಳು ಮೊದಮೊದಲು ಕುಂಬಳಕಾಯಿಗೆ ಕೊಂಬು ನೆಟ್ಟ ಹಾಗೆ ಇದ್ದವು. ಕಾಲು ಮುರಿಯುತ್ತಿತ್ತು, ಕತ್ತು ಬೀಳುತ್ತಿತ್ತು. ಒಡೆದು ಕಲಸಿ ಮತ್ತೆ ಮಾಡಿಸಿದೆ. ಎಡಗೈಯಲ್ಲಿ ಬರೆಯುತ್ತಾಳೆಂದು ಎಲ್ಲರಿಂದ ಏಟು ತಿನ್ನುತ್ತಿದ್ದ ಹುಡುಗಿಯೊಬ್ಬಳಿದ್ದಳು. ಆ ಏಟಿನಲ್ಲಿ ನನ್ನ ಪಾಲೂ ಇತ್ತು. ಮಣ್ಣಿಗೆ ಎಡಗೈ ಬಲಗೈ ಎಂಬುದಿಲ್ಲವಲ್ಲ, ಅವಳಿಗೆ ಎರಡೂ ಕೈ ಬಿಡುವಾದವು. ಮಲಗಿದ ಎತ್ತು ಏಳುವ ಹೊತ್ತಿನಲ್ಲಿ ಮುಂಗಾಲು ಮಡಿಸಿ ಹಿಂಭಾಗ ಎತ್ತುತ್ತದೆ. ಆ ಕ್ಷಣವನ್ನು ಅವಳು ಹಿಡಿದಿದ್ದಳು. ಮೂರು ವಾರ ಅದೊಂದನ್ನೇ ತಿದ್ದಿದಳು. ಮುಖ್ಯ ಶಿಕ್ಷಕಿ ಅದನ್ನು ಅಂಗೈ ಮೇಲಿಟ್ಟು ಸುತ್ತಲೂ ತಿರುಗಿಸಿ ನೋಡಿ, ಎರಡೂ ಕೈಯಿಂದ ಮೆಲ್ಲಗೆ ವಾಪಸು ಇಟ್ಟರು. ನನಗೆ ಅಷ್ಟೇ ಸಾಕಾಗಿತ್ತು.

ಜೂನ್ ಬಂತು. ದಿಪೋಟಿ ಸೋಮವಾರ ಬರುತ್ತಾರೆಂದು ಪತ್ರ ಬಂತು. ಶನಿವಾರ ಮಧ್ಯಾಹ್ನ ಜೋರು ಮಳೆ ಹಿಡಿದು, ಎತ್ತುಗಳನ್ನು ಒಣಗಲು ಇಟ್ಟಿದ್ದ ಪಡಸಾಲೆ ಸೋರತೊಡಗಿತು. ಸುಡದ ಮಣ್ಣು, ನಾಲ್ಕು ಹನಿ ಬಿದ್ದರೂ ಕರಗುತ್ತದೆ. ಎರಡು ಬುಟ್ಟಿಗಳಲ್ಲಿ ಹುಲ್ಲು ಹಾಸಿ ನಲವತ್ತೊಂದನ್ನೂ ಜೋಡಿಸಿ, ಟಾಂಗಾದಲ್ಲಿಟ್ಟುಕೊಂಡು ಮನೆಗೆ ತಂದೆ. ಅವ್ವ ಆಗ ನೆರೆಮನೆಯಲ್ಲಿದ್ದಳು. ಬುಟ್ಟಿಗಳನ್ನು ಒಳಕೋಣೆಯಲ್ಲಿ ಜೋಳದ ಚೀಲದ ಪಕ್ಕ ಇಟ್ಟು ಹಳೆಯ ಸೀರೆ ಮುಚ್ಚಿದೆ.

ಮುಟ್ಟಬೇಡ ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಶಾಲೆಯ ಮಾತು ಮನೆಯಲ್ಲಿ ಆಡುವುದನ್ನು ನಾನು ಬಿಟ್ಟಿದ್ದೆ. ಮಣ್ಣಿನ ಸಂಗತಿ ಒಮ್ಮೆ ಹೇಳಿದಾಗ, ಎತ್ತಿನ ಮಾತು ಬರುವ ಮೊದಲೇ ಅಪ್ಪ, “ಮಣ್ಣು ಕಲಸೂದಕ್ಕ ಇಷ್ಟು ಓದಿಸಬೇಕಾಗಿತ್ತೇನು,” ಎಂದು ಚೇಷ್ಟೆ ಮಾಡಿದ್ದರು. ಅವರಿಗದು ಚೇಷ್ಟೆ, ನಾನು ಮಾತ್ರ ಮುಖ ಊದಿಸಿಕೊಂಡು ಅಂದಿನಿಂದ ಬಾಯಿ ಹೊಲಿದುಕೊಂಡಿದ್ದೆ.

ಆ ರಾತ್ರಿ ಅವ್ವ ಕಡಲೆಬೇಳೆ ತೆಗೆದಿಟ್ಟಿದ್ದನ್ನು ನೋಡಿದೆ. ನಾಳೆ ಏನೋ ಹಬ್ಬ ಎಂದು ತಿಳಿಯಿತು, ಯಾವುದೆಂದು ಕೇಳಲಿಲ್ಲ. ಹಬ್ಬದ ದಿನ ಪೂಜೆಯ ಹೊತ್ತಿಗೆ ನಾನು ಮನೆಯಲ್ಲಿರುತ್ತಿರಲಿಲ್ಲ. ಹೋಗು ಎಂದು ಯಾರೂ ಹೇಳಿರಲಿಲ್ಲ. ಕುಂಕುಮದ ಬಟ್ಟಲು ಹೊರಬಂದಾಗ ಬಂದವರ ಕಣ್ಣು ನನ್ನ ಹಣೆಯ ಮೇಲೆ ಬೀಳುವುದು ನನಗೆ ಸಾಕಾಗಿತ್ತು. ನಾನೇ ಹಾಗೆ ರೂಢಿ ಮಾಡಿಕೊಂಡಿದ್ದೆ. ಭಾನುವಾರ ಬೆಳಿಗ್ಗೆಯೇ ಎದ್ದು ಶಾಲೆಗೆ ಹೋದೆ. ಮುಖ್ಯ ಶಿಕ್ಷಕಿಯೂ ಬಂದಿದ್ದರು. ಇಬ್ಬರೂ ಸೇರಿ ಮಣ್ಣು ಮೆತ್ತಿದ್ದ ಫರಸಿ ನೆಲ ತಿಕ್ಕಿ ತೊಳೆಯುವಷ್ಟರಲ್ಲಿ ಸಂಜೆಯಾಯಿತು.

ಮನೆಗೆ ಬಂದರೆ ಕಡುಬಿನ ವಾಸನೆ. ಒಳಕೋಣೆಯಲ್ಲಿ ಹಳೆಯ ಸೀರೆ ಮಡಿಚಿಟ್ಟಿತ್ತು. ಬುಟ್ಟಿ ಎರಡೂ ಬರಿದಾಗಿ ಬೋರಲು ಬಿದ್ದಿದ್ದವು. ದೇವರ ಮುಂದಿನ ಮಣೆಯ ಮೇಲೆ ಅರಿಷಿಣ ಕುಂಕುಮ, ಹೂವಿನ ಎಸಳು.

“ಅವ್ವಾ, ಇಲ್ಲಿದ್ದ ಎತ್ತು ಎಲ್ಲಿ?”

“ಹೊಳಿಗೆ ಬಿಟ್ಟು ಬಂದ್ವಿ,” ಎಂದಳು ಅವ್ವ, ಬಲು ಸಂತೋಷದಿಂದ. “ನಿಮ್ಮಪ್ಪ ಒಂದು ಬುಟ್ಟಿ ಹೊತ್ರು, ನಾ ಒಂದು. ಭಾಳ ಚಂದ ಇದ್ವು ನೋಡು. ಎಣಿಸಿದ್ರ ನಲವತ್ತೊಂದು ಆದ್ವು. ಜೋಡಿ ಇಲ್ಲದ ಎತ್ತು ಪೂಜಿಗೆ ಹೆಂಗ ಇಡೂದು? ಅದಕ್ಕ ತುಳಸಿಕಟ್ಟಿ ಮಣ್ಣು ತಗೊಂಡು ನಾ ಒಂದು ಮಾಡಿ ಜೋಡಿ ಹಚ್ಚಿದೆ.”

ಆಗ ತಿಳಿಯಿತು. ಅಂದು ಮಣ್ಣೆತ್ತಿನ ಅಮಾವಾಸ್ಯೆ. ನಮ್ಮ ಕಡೆ ಬಿತ್ತನೆಯ ಕಾಲಕ್ಕೆ ಬರುವ ಈ ಹಬ್ಬಕ್ಕೆ ಮನೆಮನೆಯಲ್ಲೂ ಮಣ್ಣಿನ ಜೋಡೆತ್ತು ಮಾಡಿ, ಕಡುಬು ಎಡೆ ಹಿಡಿದು, ಪೂಜೆಯಾದ ಮೇಲೆ ನೀರಿಗೆ ಬಿಡುತ್ತಾರೆ. ಪುಣೆಯವರಿಗೆ ಎತ್ತಿನ ಹಬ್ಬ ಬೇರೆ ದಿನ. ಆ ಅಮಾವಾಸ್ಯೆಗೆ ಇಲ್ಲಿನ ಕುಂಬಾರರು ಎತ್ತು ಮಾಡುವುದಿಲ್ಲ. ಅವ್ವ ಪ್ರತಿವರ್ಷ ಇದನ್ನೇ ಹೇಳಿ ಗೊಣಗುತ್ತಿದ್ದಳು, ತಾನೇ ಎರಡು ಮಾಡುತ್ತಿದ್ದಳು. ಅವು ಇಲಿಗಳ ಹಾಗೆ ಕಾಣುತ್ತವೆ ಎಂದು ಅಪ್ಪ ಕಾಡುತ್ತಿದ್ದರು. ಈ ವರ್ಷ ಸೀರೆ ಸರಿಸಿ ನೋಡಿದರೆ ನಲವತ್ತೊಂದು ಎತ್ತು ಮನೆಗೆ ಬಂದು ಕೂತಿದ್ದವು.

ನಾನು ಕೂಗಾಡಿದೆ. ಕೇಳದೆ ಯಾಕೆ ಮುಟ್ಟಿದೆ, ನಾಳೆ ದಿಪೋಟಿ ಬಂದರೆ ಏನು ತೋರಿಸಲಿ, ಆರು ತಿಂಗಳು ಹುಡುಗಿಯರು ಪಟ್ಟ ಪಾಡು ನೀರುಪಾಲಾಯಿತು, ನನಗೆ ಇರುವುದು ಅದೊಂದು ಶಾಲೆ, ಅದನ್ನೂ ಹೊಳೆಗೆ ಬಿಟ್ಟು ಬಂದೆಯಾ ಎಂದೆ. ಇನ್ನೂ ಏನೇನೋ ಅಂದೆ, ಬರೆಯಲಾರೆ.

ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು. “ಸಾಲಿದು ಅಂತ ನನಗೇನು ಗೊತ್ತು? ಹಬ್ಬಕ್ಕ ನೀ ತಂದಿ ಅಂತ ತಿಳದೆ. ಎಂಟು ವರ್ಷದಾಗ ಹಬ್ಬ ಅಂತ ನೀ ಮನಿಗೆ ಏನರೆ ತಂದದ್ದು ಇದೇ ಮೊದಲು ಅಂತ ಹೇಳಿ, ಒಂದೂ ಬಿಡದ ಎಲ್ಲಾ ಇಟ್ಟು ಪೂಜಿ ಮಾಡಿದೆ.”

ನಾನು ಗೋಡೆಗೆ ಒರಗಿ ಕೂತೆ. ನನ್ನ ಸಿಟ್ಟಿಗೆ ನಿಲ್ಲಲು ಜಾಗವೇ ಉಳಿಯಲಿಲ್ಲ. ಎಂಟು ವರ್ಷ ನಾನು ಹೊರಗೆ ಹೋಗುವುದನ್ನು ಅವಳು ಎಣಿಸುತ್ತಿದ್ದಳು ಎಂದು ನನಗೆ ಗೊತ್ತೇ ಇರಲಿಲ್ಲ. ಅಳು ಬಂತು, ಅತ್ತುಬಿಟ್ಟೆ. ಅವ್ವನೂ ಅತ್ತಳು.

ಅಷ್ಟರಲ್ಲಿ ಅಪ್ಪ ಒಳಗೆ ಬಂದರು. ಧೋತರದ ಅಂಚಿಗೆ ಇನ್ನೂ ಹೊಳೆಯ ರಾಡಿ ಅಂಟಿತ್ತು. ಏನಾಯಿತೆಂದು ಕೇಳಿ ತಿಳಿದುಕೊಂಡರು. ಪಗಡಿ ತೆಗೆದು ಗೂಟಕ್ಕೆ ಹಾಕುತ್ತ, “ಎತ್ತು ಹೊಳಿಗೆ ಹೋದ್ವು ಖರೆ,” ಎಂದರು. “ಮಾಡಿದ ಹುಡುಗ್ಯಾರು ಎಲ್ಲಿ ಹೋಗ್ಯಾರ? ಮುಂಜಾನೆ ಸಾಲಿಗೆ ಬರ್ತಾರಿಲ್ಲೋ?”

ಕಾರಕೂನಿಕೆಯಲ್ಲಿ ಜೀವ ಸವೆಸಿದ ಮನುಷ್ಯ ಒಂದೇ ಮಾತಿನಲ್ಲಿ ನನ್ನನ್ನು ಎಬ್ಬಿಸಿ ಕೂರಿಸಿದರು. ಕಡುಬು ತಿಂದು ಮಲಗಿದೆ.

ಸೋಮವಾರ ಗಂಟೆಯಾಗುತ್ತಲೇ ಇಯತ್ತೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಳುತ್ತಾರೆ ಎಂದುಕೊಂಡಿದ್ದೆ. ಅವರು ಕಣ್ಣರಳಿಸಿದರು. “ನಮ್ಮ ಎತ್ತಿಗೆ ಪೂಜೆ ಮಾಡಿದರಾ, ಬಾಯಿ? ಹೂ ಏರಿಸಿದರಾ? ನನ್ನದಕ್ಕೂ?” ಕಪ್ಪು ಕೋಟಿನವರ ಮಗಳಂತೂ ತನ್ನ ಎತ್ತಿನ ಪಕ್ಕ ಯಾರದು ಕೂತಿತ್ತು ಎಂದು ಮೂರು ಸಲ ಕೇಳಿದಳು. ಎಡಗೈಯ ಹುಡುಗಿ ಮಾತ್ರ ಏನೂ ಕೇಳಲಿಲ್ಲ. ತಲೆ ತಗ್ಗಿಸಿಕೊಂಡು ಕೂತಳು, ಮಡಿಲಿಗೆ ಕಣ್ಣೀರು ಬೀಳುತ್ತಿತ್ತು.

“ಮತ್ತೆ ಮಾಡುತ್ತೀರಾ? ದಿಪೋಟಿಯವರ ಎದುರಿಗೇ?” ಎಂದೆ. ಮಾಡುತ್ತೇವೆ ಎಂದರು. ಆದರೆ ಅಂಗಳದ ಮೂಲೆಯಲ್ಲಿ ನಾವು ಕಲಸಿಟ್ಟಿದ್ದ ಮಣ್ಣು ಎರಡು ದಿನದ ಮಳೆಗೆ ಅಂಬಲಿಯಾಗಿತ್ತು. ಅದರಲ್ಲಿ ಒಂದು ಕಿವಿಯೂ ನಿಲ್ಲುತ್ತಿರಲಿಲ್ಲ. ನಾನು ಅದನ್ನು ನೋಡುತ್ತ ನಿಂತಿದ್ದಾಗ ಕಿಟಕಿಯ ಪಕ್ಕದಿಂದ ಕುಂಬಾರ ಓಣಿಯ ಹುಡುಗಿ ಎದ್ದಳು. “ಮಣ್ಣು ನಾನು ತರುತ್ತೇನೆ, ಬಾಯಿ. ಮಾಡುವುದಿಲ್ಲ, ತರುತ್ತೇನೆ.” ಅರ್ಧ ತಾಸಿನಲ್ಲಿ ಅವಳ ಅಜ್ಜಿ ತಲೆಯ ಮೇಲೆ ಬುಟ್ಟಿ ಹೊತ್ತು ಬಂದರು. ಸೋಸಿ, ತುಳಿದು, ಹದ ಮಾಡಿದ ಮಣ್ಣು. ನಾವು ಇಷ್ಟು ತಿಂಗಳು ಕಲಸಿದ್ದು ಅದರ ಮುಂದೆ ಬರೀ ಕೆಸರು.

ಹನ್ನೊಂದಕ್ಕೆ ದಿಪೋಟಿ ಬಂದರು. ಮುಖ್ಯ ಶಿಕ್ಷಕಿ ಹಿಂದೆಯೇ ಬಂದರು; ಎತ್ತು ಹೊಳೆ ಸೇರಿದ್ದು ಅವರಿಗೆ ಆಗಲೇ ಗೊತ್ತಾಗಿತ್ತು. ಎತ್ತುಗಳನ್ನು ಇಡಲೆಂದು ತೆರವು ಮಾಡಿದ್ದ ಕಿಟಕಿಯ ಕಟ್ಟೆ ನೋಡಿ ದಿಪೋಟಿ ಕೇಳಿದರು, “ತಯಾರಾದ ಕೆಲಸ ಎಲ್ಲಿ?”

“ಹೊಳೆಗೆ ಹೋಯಿತು, ಸಾಹೇಬ,” ಎಂದೆ, ನಡೆದದ್ದನ್ನೆಲ್ಲ ಹೇಳಿದೆ.

ಅವರು ನಗಲಿಲ್ಲ. “ನನ್ನ ನೌಕರಿಯಲ್ಲಿ ಬಹಳ ಕಾರಣ ಕೇಳಿದ್ದೇನೆ. ಇಂಥದ್ದು ಇದೇ ಮೊದಲು.”

“ಅರ್ಧ ತಾಸು ಕೂತುಕೊಳ್ಳಿ. ನಿಮ್ಮ ಎದುರಿಗೇ ಮಾಡುತ್ತಾರೆ. ಆಮೇಲೆ ಬೇಕಾದರೆ ಗಣಿತಕ್ಕೆ ಕೊಡಿ.” ದಿಪೋಟಿ ಗಡಿಯಾರ ತೆಗೆದು ಮೇಜಿನ ಮೇಲಿಟ್ಟರು.

ನಲವತ್ತು ಹುಡುಗಿಯರು ಮಾಡಿದರು. ಎಲ್ಲವೂ ಚೆನ್ನಾಗಿ ಬಂದವೆಂದು ಹೇಳಿದರೆ ಸುಳ್ಳಾಗುತ್ತದೆ. ಆರೋ ಏಳೋ ಎತ್ತುಗಳ ಕಾಲು ಮುರಿಯಿತು. ಒಬ್ಬಳು ಕಾಲು ನಿಲ್ಲದೆ ಬೇಸತ್ತು ಎತ್ತನ್ನು ಮಲಗಿಸಿ, ಇದು ದಣಿದಿದೆ ಎಂದಳು. ಎಡಗೈಯವಳು ಉಂಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಳು, ಏನೂ ಮಾಡಲಿಲ್ಲ. ಬಲವಂತ ಮಾಡಲು ನನಗೆ ಮನಸ್ಸಾಗಲಿಲ್ಲ. ಆದರೆ ಉಳಿದವುಗಳಲ್ಲಿ ಒಂದರಂತೆ ಇನ್ನೊಂದಿರಲಿಲ್ಲ. ಒಂದು ನೀರಿಗೆ ಕತ್ತು ಬಗ್ಗಿಸಿತ್ತು, ಒಂದು ನೊಣ ಹೊಡೆಯಲು ತಲೆ ತಿರುಗಿಸಿತ್ತು.

ದಿಪೋಟಿ ಒಬ್ಬಳ ಪಕ್ಕ ಬಗ್ಗಿದರು. “ಹಿಣಿಲು ಇಷ್ಟು ಮುಂದೆ ಇರುತ್ತದೆಯೇ? ಯಾರು ಹೇಳಿದರು?”

“ಯಾರೂ ಹೇಳಲಿಲ್ಲ. ಹೊರಗೆ ನಿಂತಿದೆ, ನೋಡಿ ಬನ್ನಿ,” ಎಂದಳು ಅವಳು, ಮಣ್ಣಿನಿಂದ ಕಣ್ಣು ತೆಗೆಯದೆ.

ಮುಖ್ಯ ಶಿಕ್ಷಕಿ ಸೆರಗು ಬಾಯಿಗೆ ಒತ್ತಿಕೊಂಡರು. ದಿಪೋಟಿ ನಿಜವಾಗಿಯೂ ಬಾಗಿಲಿಗೆ ಹೋದರು. ತೊಟ್ಟಿಯ ಹತ್ತಿರ ಗಾಡಿಯೊಂದು ನಿಂತಿತ್ತು. ಪಗಡಿಯ ಮನುಷ್ಯ ಕೊಡೆ ಊರಿಕೊಂಡು ಎತ್ತನ್ನು ಬಹಳ ಹೊತ್ತು ನೋಡುತ್ತ ನಿಂತರು. ಮರಳಿ ಬರುವಾಗ ಕಿಟಕಿಯ ಪಕ್ಕ ನಿಂತು, ಕುಂಬಾರ ಓಣಿಯ ಹುಡುಗಿಯನ್ನು ಕೇಳಿದರು, “ನೀನೊಬ್ಬಳೇ ಯಾಕೆ ಲೆಕ್ಕ ಮಾಡುತ್ತಿದ್ದೀ?”

“ಮಣ್ಣಿನದು ನನಗೆ ಬರುತ್ತದೆ, ಸಾಹೇಬ. ಲೆಕ್ಕ ಬರುವುದಿಲ್ಲ. ಬಾರದ್ದನ್ನು ಕಲಿಯಲಿಕ್ಕೆ ಬಂದಿದ್ದೇನೆ.”

ಅವರು ತಲೆಯಾಡಿಸಿದರು. ಅವಳ ಪಾಟಿ ಎತ್ತಿ ನೋಡಿ, ಒಂದು ಕಡೆ ತಪ್ಪಿದ್ದನ್ನು ತಾವೇ ತಿದ್ದಿ ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಬಾಯಿ, ನೀವು ಮಾಡಿದ್ದು ಯಾವುದು?”

ನನ್ನ ಕೈಗಳು ಚೊಕ್ಕವಾಗಿದ್ದವು. ಆರು ತಿಂಗಳಲ್ಲಿ ನಾನು ಒಂದು ಎತ್ತನ್ನೂ ಮಾಡಿರಲಿಲ್ಲ. ಸಾಲುಗಳ ನಡುವೆ ಓಡಾಡುತ್ತ ಕೊಂಬು ಸೊಟ್ಟಗಾಯಿತು, ಬಾಲ ಉದ್ದವಾಯಿತು ಎನ್ನುತ್ತಿದ್ದೆ, ಗಿಳಿಯ ಕಾಲದಲ್ಲಿ ಅಂದ ಹಾಗೆಯೇ. “ಇಲ್ಲ, ಸಾಹೇಬ,” ಎಂದೆ. ಹುಡುಗಿಯರೆಲ್ಲ ನನ್ನನ್ನೇ ನೋಡುತ್ತಿದ್ದರು.

ಶೇರಾ ಪುಸ್ತಕದಲ್ಲಿ ಅವರು ಬರೆದದ್ದು ಇಷ್ಟು. ಚಿತ್ರಕಲೆಯ ತಾಸು ಮುಂದುವರಿಯಲಿ. ಎರಡನೇ ಮತ್ತು ನಾಲ್ಕನೇ ಇಯತ್ತೆಗಳೂ ಹೀಗೆಯೇ ಎದುರಿಗಿರುವ ವಸ್ತುವನ್ನು ನೋಡಿ ಮಾಡಲಿ. ಶಿಕ್ಷಕಿಯರು ಮಕ್ಕಳ ಜೊತೆ ಕೂತು ತಾವೂ ಮಾಡತಕ್ಕದ್ದು. ಪಡಸಾಲೆಯ ಹೆಂಚು ಸರಿಪಡಿಸತಕ್ಕದ್ದು.

ಹೆಂಚು ಸರಿಪಡಿಸಲು ಮುನ್ಸಿಪಾಲಿಟಿಗೆ ಇನ್ನೆರಡು ಮಳೆಗಾಲ ಬೇಕಾದವು. ತಾಸು ಉಳಿಯಿತು. ಮುಖ್ಯ ಶಿಕ್ಷಕಿ ಮಂಡಿನೋವಿನಲ್ಲೂ ನಾಲ್ಕನೇ ಇಯತ್ತೆಯ ಜೊತೆ ನೆಲಕ್ಕೆ ಕೂತು ಹೂಜಿ ಮಾಡಿದರು. ಅದರಿಂದ ನೀರು ಕುಡಿಯಲು ಧೈರ್ಯವಿರುವವರು ಬೇಕಾಗಿತ್ತು. ಎಡಗೈಯ ಹುಡುಗಿ ದೀಪಾವಳಿ ಕಳೆದ ಮೇಲೆ ಮತ್ತೆ ಮಣ್ಣು ಮುಟ್ಟಿದಳು, ಎತ್ತನ್ನು ಮಾತ್ರ ಮಾಡಲಿಲ್ಲ. ಊರಿನ ಬೇರೆ ಶಾಲೆಗಳಿಗೆ ಹೋಗಿ ತಕ್ತೆ ಇಳಿಸಿ ಎಂದು ಜಗಳ ಆಡಲು ನಾನು ಶುರು ಮಾಡಿದ್ದೂ ಆ ವರ್ಷವೇ. ಕೆಲವರು ಇಳಿಸಿದರು, ಕೆಲವರು ನನ್ನನ್ನೇ ಮೆಟ್ಟಿಲು ಇಳಿಸಿದರು. ಮತ್ತೆ ಹೋಗುತ್ತಿದ್ದೆ.

ಇಯತ್ತೆಯ ಜೊತೆ ನಾನೂ ಕೂತು ಮಾಡತೊಡಗಿದೆ. ಮಾಡುವುದು ಹೇಳಿದಷ್ಟು ಸುಲಭವಲ್ಲ ಎಂದು ಮೊದಲ ದಿನವೇ ಗೊತ್ತಾಯಿತು. ಬಾಯಿಯ ಎತ್ತಿನ ಕಾಲು ಮುರಿದಾಗಲೆಲ್ಲ ಹುಡುಗಿಯರಿಗೆ ಹಬ್ಬ.

ಮರುವರ್ಷದ ಮಣ್ಣೆತ್ತಿನ ಅಮಾವಾಸ್ಯೆ ವಾರದ ನಡುವೆ ಬಂತು. ಶಾಲೆಯ ಎತ್ತುಗಳು ಶಾಲೆಯಲ್ಲೇ ಇದ್ದವು. ಬೆಳಿಗ್ಗೆ ಹೊರಡಲು ಸೀರೆ ಸರಿಪಡಿಸಿಕೊಳ್ಳುತ್ತಿದ್ದಾಗ, ಅವ್ವ ತುಳಸಿಕಟ್ಟೆಯ ಮಣ್ಣಿನಲ್ಲಿ ತನ್ನ ಎತ್ತು ಮಾಡುತ್ತಿದ್ದಳು. ಒಂದು ಆಗಿತ್ತು, ಎಂದಿನಂತೆ ಇಲಿಯಾಗಿ. ಉಳಿದ ಮಣ್ಣನ್ನು ನನ್ನ ಕಡೆ ಸರಿಸಿದಳು.

“ಇದಕ್ಕ ಜೋಡಿ ನೀ ಮಾಡು.”

“ನಾನ?” ಎಂದೆ. ಪೂಜೆಗೆ ಇಡುವ ಎತ್ತು ಅದು.

“ಊರ ಹುಡುಗ್ಯಾರಿಗೆಲ್ಲಾ ಕಲಿಸಾಕಿ ನೀ. ನಿನಗ ಬರೂದಿಲ್ಲೇನು ಮತ್ತ?”

ಕೂತು ಮಾಡಿದೆ. ಹಿಣಿಲು ಮುಂಗಾಲಿನ ನೇರಕ್ಕೆ, ಕೊಂಬು ಕಿವಿಯ ಮುಂದೆ. ಅವ್ವ ಜೋಳದ ಕಾಳು ತಂದು, ತನ್ನದಕ್ಕೆ ತಾನು ಕಾಳಿನ ಕಣ್ಣು ಕೂರಿಸಿ, ನನ್ನದಕ್ಕೆ ನನ್ನ ಕೈಯಲ್ಲಿ ಎರಡು ಕಾಳು ಇಟ್ಟಳು. ಎರಡು ಎತ್ತುಗಳನ್ನೂ ಮಣೆಯ ಮೇಲೆ ಪಕ್ಕಪಕ್ಕ ನಿಲ್ಲಿಸಿದೆವು. ಜೋಡಿ ಎಂದು ಯಾರೂ ಹೇಳುವಂತಿರಲಿಲ್ಲ. ಅಪ್ಪ ನೋಡಿ, ಒಂದು ಎತ್ತು ಒಂದು ಇಲಿ, ಈ ವರ್ಷ ಬೆಳೆ ಹೇಗೋ ಏನೋ ಎಂದರು.

ಅವ್ವ ದೀಪ ಹಚ್ಚಿ ಕುಂಕುಮದ ಬಟ್ಟಲು ಹೊರಗೆ ತಂದಳು. ಶಾಲೆಗೆ ಇನ್ನೂ ಒಂದು ತಾಸು ಹೊತ್ತಿತ್ತು. ನಾನು ಎದ್ದು ಹೋಗಲಿಲ್ಲ.